ಪೈಥಾನ್‌ನ ಸಿಟೈಪ್ಸ್: ದಾಲ್ ಮಿಲ್‌ಗಳಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಕಲಬುರಗಿಯ ದಾಲ್ ಮಿಲ್‌ಗಳಿಗೆ ತೂಕದ ಚೀಟಿ, ಬಿಲ್ಲು ತೆಗೆಯುವ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ನಾನು ಬರೆಯೋದು ಪೈಥಾನ್‌ನಲ್ಲಿ. ತೂಕದ ಯಂತ್ರದ ಜೊತೆ ಬರುವ ಲೈಬ್ರರಿ ಮಾತ್ರ ಸಿ ಭಾಷೆಯದು, ಒಂದೇ ಒಂದು ಡಿಎಲ್‌ಎಲ್ ಫೈಲು (ವಿಂಡೋಸ್‌ನಲ್ಲಿ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್). ಎರಡನ್ನೂ ಜೋಡಿಸೋಕೆ, ಅಂದರೆ ಪೈಥಾನ್‌ನಿಂದಲೇ ಸಿ ಫಂಕ್ಷನ್‌ಗಳನ್ನು ಕರೆಯೋಕೆ, ಸಿಟೈಪ್ಸ್ ಅನ್ನೋ ಮಾಡ್ಯೂಲ್ ಬಳಸುತ್ತೇನೆ.

ಇದರ ದೊಡ್ಡ ಅನುಕೂಲ ಅಂದರೆ ಬೇರೆ ಏನೂ ಹಾಕಬೇಕಿಲ್ಲ. 2006ರಲ್ಲಿ ಬಂದ ಪೈಥಾನ್ 2.5ರಿಂದ ಇದು ಪೈಥಾನ್ ಒಳಗೇ ಇದೆ, ಸಿ ಕೋಡನ್ನು ಕಂಪ್ಯೂಟರ್ ಭಾಷೆಗೆ ಬದಲಿಸುವ ಕಂಪೈಲರ್ ಕೂಡ ಬೇಡ. ತೊಗರಿ ಆವಕದ ಜನವರಿಯಲ್ಲಿ ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಲಾರಿ ಸಾಲು ನಿಂತಿರುತ್ತದೆ, ಸಾವ್ಕಾರರು 'ಲಗೂ ಮಾಡ್ರಿ' ಅಂತಿರುತ್ತಾರೆ. ಆಗ ಅವರ ಹಳೇ ಕಂಪ್ಯೂಟರ್‌ಗೆ ಕಂಪೈಲರ್ ಹಾಕ್ತಾ ಕೂರೋಕೆ ಯಾರು ಬಿಡ್ತಾರೆ?

ಡಿಎಲ್‌ಎಲ್ 32 ಬಿಟ್, ಪೈಥಾನ್ 64 ಬಿಟ್ ಆಗಿದ್ದರೆ ಲೋಡ್ ಆಗೋದಿಲ್ಲ, ಎರರ್ 193 ಬರುತ್ತದೆ. 32 ಬಿಟ್ ಪೈಥಾನ್ ಹಾಕಿ, ಮುಗೀತು.

ನಿಜವಾದ ತಲೆನೋವು ಬೇರೆ. ಫಂಕ್ಷನ್ ಏನು ವಾಪಸ್ ಕೊಡುತ್ತದೆ ಅಂತ ನೀವು ಹೇಳದಿದ್ದರೆ ಸಿಟೈಪ್ಸ್ ಅದನ್ನು ಇಂಟ್ (ಪೂರ್ಣ ಸಂಖ್ಯೆ) ಅಂತಲೇ ಹಿಡಿಯುತ್ತದೆ. ತೂಕ ಬರೋದು ಡಬಲ್‌ನಲ್ಲಿ, ಅಂದರೆ ದಶಮಾಂಶ ಇರುವ ಸಂಖ್ಯೆಯಾಗಿ. ಯಂತ್ರದ ಮೇಲೆ 52.4 ಕ್ವಿಂಟಲ್ ಇದ್ದರೆ ನಮ್ಮ ಪರದೆಯಲ್ಲಿ ತಲೆಬುಡ ಇಲ್ಲದ ಅಂಕಿ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಸುಮ್ನೆ ತಪ್ಪು ಚೀಟಿ ಹೊರಗೆ ಬರುತ್ತದೆ! ಪ್ರತಿ ಫಂಕ್ಷನ್‌ಗೂ ರೆಸ್‌ಟೈಪ್ (ವಾಪಸ್ ಬರುವುದರ ಬಗೆ), ಆರ್ಗ್‌ಟೈಪ್ಸ್ (ಒಳಗೆ ಕೊಡುವುದರ ಬಗೆ) ಬರೆಯಲೇಬೇಕು. ಇಷ್ಟು ವರ್ಷ ಆದರೂ ಇದನ್ನು ಕಡ್ಡಾಯ ಮಾಡಿಲ್ಲ, ಅದಕ್ಕೇ ಒಂದು ಸ್ಟಾರ್ ಕಟ್. ಐದಕ್ಕೆ ನಾಲ್ಕು.

ಕನ್ನಡ ಹೆಸರುಗಳದ್ದು ಇನ್ನೊಂದು ಕಥೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ಅಕ್ಷರಕ್ಕೆ 3 ಬೈಟ್, ಅದರ ಮೇಲಿನ ಸ್ವರಚಿಹ್ನೆಗೆ ಮತ್ತೆ 3. 'ತೊಗರಿ'ಗೇ 15 ಬೈಟ್ ಆಯ್ತು, 'ತೊಗರಿಬೇಳೆ'ಗೆ 27. ಲೈಬ್ರರಿ ಬರೆದವರು ಮಾಲಿನ ಹೆಸರಿಗೆ 20 ಬೈಟ್ ಇಟ್ಟಿದ್ದರೆ 'ಬೇ' ನಡುವೆಯೇ ತುಂಡಾಗುತ್ತದೆ, ವಾಪಸ್ ಓದುವಾಗ ಪೈಥಾನ್ ಡಿಕೋಡ್ ಎರರ್ ಕೊಡುತ್ತದೆ. ಇದು ಸಿಟೈಪ್ಸ್ ತಪ್ಪಲ್ಲ ಬಿಡಿ. ನಾನು ಯಂತ್ರಕ್ಕೆ ಮಾಲಿನ ಕೋಡ್ ನಂಬರ್ ಅಷ್ಟೇ ಕಳಿಸಿ, ಕನ್ನಡ ಹೆಸರನ್ನು ಪೈಥಾನ್ ಕಡೆಯೇ ಇಟ್ಟುಕೊಳ್ಳುತ್ತೇನೆ.

ಹತ್ತಿಪ್ಪತ್ತು ಫಂಕ್ಷನ್ ಇರುವ ಲೈಬ್ರರಿಗೆ ಇದು ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಇದೇ ಕೆಲಸ ಮಾಡುವ ಸಿಎಫ್‌ಎಫ್‌ಐ ಅನ್ನೋ ಪೈಥಾನ್ ಲೈಬ್ರರಿ ವಾಸಿ, ಸಿ ಹೆಡರ್‌ನ (ಫಂಕ್ಷನ್‌ಗಳ ವಿವರ ಇರುವ ಫೈಲಿನ) ಸಾಲುಗಳನ್ನು ಹೆಚ್ಚುಕಡಿಮೆ ಹಾಗೇ ಅಂಟಿಸಬಹುದು. ಸಿ++ ಕ್ಲಾಸ್‌ಗಳಿದ್ದರೆ ಎರಡರ ತಂಟೆಗೂ ಹೋಗಬೇಡಿ, ಸಿ++ ಕೋಡನ್ನು ಪೈಥಾನ್‌ಗೆ ಜೋಡಿಸುವ ಪೈಬೈಂಡ್11 ನೋಡಿ.