ನೇತ್ರಾಣಿಯೋ ಹ್ಯಾವ್‌ಲಾಕೋ: ಕ್ಯಾಮೆರಾ ಹಿಡಿದು ಎರಡೂ ಕಡೆ ಮುಳುಗಿದ ಮೇಲೆ

"ಅಂಡಮಾನಿಗೇ ಹೋಗಬೇಕಾ, ನೇತ್ರಾಣಿ ಸಾಕಾ?" ನಾನು ನೀರೊಳಗೆ ಫೋಟೋ ತೆಗೆಯುತ್ತೇನೆ ಅಂತ ಗೊತ್ತಾದ ಮೇಲೆ ಶಿರಸಿಯಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಮದುವೆಮನೆ ಪಂಕ್ತಿಯಲ್ಲಿ ಕೂತರೂ ಪಕ್ಕದವರು ಇದನ್ನೇ ಕೇಳುತ್ತಾರೆ. ನಾಲ್ಕು ವರ್ಷದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ 22 ಸಲ, ಅಂಡಮಾನಿನ ಹ್ಯಾವ್‌ಲಾಕಿನಲ್ಲಿ 11 ಸಲ ನೀರಿಗಿಳಿದಿದ್ದೇನೆ. ಎರಡೂ ಕಡೆಗೆ ಒಯ್ದಿದ್ದು ಅದೇ ಎರಡು ಕ್ಯಾಮೆರಾ. ಒಂದು ಗೋಪ್ರೋ, ಇನ್ನೊಂದು ಒಲಿಂಪಸ್ ಟಿಜಿ-6.

ನನ್ನ ಉತ್ತರ ಇಷ್ಟು. ಫೋಟೋ ಕಲಿಯಲು ನೇತ್ರಾಣಿ, ಕಲಿತ ಮೇಲೆ ಹ್ಯಾವ್‌ಲಾಕ್. ನನ್ನ ಗೆಳೆಯನೊಬ್ಬ ಇದನ್ನು ಉಲ್ಟಾ ಮಾಡಿದ. ಡೈವಿಂಗ್ ಸರ್ಟಿಫಿಕೇಟ್ ಕೈಗೆ ಬಂದ ತಿಂಗಳೇ ಹೊಸ ಕ್ಯಾಮೆರಾ, ಅದಕ್ಕೆ ನೀರು ಹೊಗದ ಕವಚ ಅಂದರೆ ಹೌಸಿಂಗ್ ಎಲ್ಲ ಕೊಂಡು ಸೀದಾ ಹ್ಯಾವ್‌ಲಾಕಿಗೆ ಹೋದ. 400 ಫೋಟೋ ತಂದ. ಎಲ್ಲವೂ ನೀಲಿ. ಅರ್ಧದಷ್ಟರಲ್ಲಿ ಮೀನಿನ ಬಾಲ ಮಾತ್ರ ಇತ್ತು. ಅವನು ಅದನ್ನು ತೋರಿಸುವಾಗ ಮುಖ ಸಣ್ಣ ಮಾಡಿಕೊಂಡಿದ್ದು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಕಾರವಾರದವರು "ನಮ್ಮ ದೇವಬಾಗವೂ ಇದೆಯಲ್ಲ" ಅನ್ನುತ್ತಾರೆ. ಅಲ್ಲೂ ಸ್ನಾರ್ಕೆಲ್ ಅನ್ನುವ ಉಸಿರುಕೊಳವೆ ಹಾಕಿ ನೋಡಿದೆ. ಕಾಳಿ ನದಿ ಸಮುದ್ರ ಸೇರುವುದು ಅಲ್ಲೇ. ನದಿ ತಂದ ಮಣ್ಣು ನೀರಿನಲ್ಲಿ ತೇಲುತ್ತಲೇ ಇರುತ್ತದೆ. ಚಾಚಿದ ಕೈಯ ಬೆರಳೇ ಮಸುಕಾಗಿ ಕಂಡಿತು. ಕೂರ್ಮಗಡದ ಕಡೆ ಬೋಟಿನಲ್ಲಿ ಹೋದರೆ ಡಾಲ್ಫಿನ್ ಕಾಣುತ್ತವೆ, ಚಂದದ ಫೋಟೋ ಸಿಗುತ್ತದೆ. ಆದರೆ ಅದು ನೀರಿನ ಮೇಲಿನ ಮಾತು. ಹಾಗಾಗಿ ಕಾರವಾರವನ್ನು ಈ ಹೋಲಿಕೆಯಿಂದ ಬಿಡುತ್ತೇನೆ.

ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ಬೋಟು ಯಾವುದು, ತೆರೆ ಹೇಗಿದೆ ಅನ್ನುವುದರ ಮೇಲೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಹಿಂದಕ್ಕೆ ತಿರುಗಿದರೆ ಶಿವನ ಮೂರ್ತಿ ಸಣ್ಣದಾಗುತ್ತಾ ಹೋಗುತ್ತದೆ. ಮುಂದೆ ಕಡಿದಾದ ಬಂಡೆ, ಅದರ ಮೇಲೆ ಕಾಡು, ಆಕಾಶದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡ ದ್ವೀಪ ಇದು. ನಮ್ಮ ಬೋಟು ದಡಕ್ಕೆ ಹೋಗುವುದಿಲ್ಲ. ಬಂಡೆಯ ಮಗ್ಗುಲಲ್ಲಿ ಲಂಗರು ಹಾಕಿ ಅಲ್ಲಿಂದಲೇ ನೀರಿಗೆ ಇಳಿಯುವುದು.

ನೇತ್ರಾಣಿಯ ನೀರು ಒಂದೇ ಥರ ಇರುವುದಿಲ್ಲ. ಒಂದು ಜನವರಿಯಲ್ಲಿ 15 ಮೀಟರ್ ದೂರದ ಬಂಡೆ ಕಂಡಿತ್ತು. ಅದೇ ವರ್ಷ ಮಾರ್ಚಿನಲ್ಲಿ 4 ಮೀಟರ್ ಆಚೆಯ ಗೈಡ್ ಕಾಣಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಡೈವಿಂಗ್ ಬಂದ್. ಅದು ಮುಗಿದ ಹೊಸತರಲ್ಲಿ ಹೊಳೆಗಳು ತಂದ ಕೆಸರು, ನೀರಿನಲ್ಲಿ ಹುಟ್ಟಿದ ಸೂಕ್ಷ್ಮಜೀವಿಗಳು, ಎರಡೂ ಸೇರಿ ನೀರು ಹಸಿರಾಗಿರುತ್ತದೆ. ಡಿಸೆಂಬರ್ ಹೊತ್ತಿಗೆ ತಿಳಿಯಾಗುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಒಂದನ್ನು ಬೋಟು ನಡೆಸುವ ತಾಂಡೇಲರು ಹೇಳಿಕೊಟ್ಟರು.

"ಹುಣ್ಣಿಮೆ ನೀರಿಗೆ ಬಂದು ತಿಳಿನೀರು ಬೇಕು ಅಂದ್ರೆ ಹೇಗೆ ಮಾರಾಯ್ರೆ? ಅಷ್ಟಮಿ ಕಡೆ ಬನ್ನಿ" ಅಂದರು.

ಮಾತು ನೂರಕ್ಕೆ ನೂರು ಸರಿ. ಹುಣ್ಣಿಮೆ ಅಮಾವಾಸ್ಯೆಗೆ ಭರತ ಇಳಿತ ಜೋರು, ನೀರು ತಳದ ಮಣ್ಣನ್ನು ಎಬ್ಬಿಸುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ಸೆಳೆತವೂ ಕಡಿಮೆ. ಆಮೇಲೆ ನಾನು ಪಂಚಾಂಗ ನೋಡದೆ ನೇತ್ರಾಣಿಗೆ ಬುಕ್ ಮಾಡಿಲ್ಲ. ಗಾಳಿ ಎದ್ದ ದಿನ ಅಷ್ಟಮಿಯೂ ಕೈಕೊಡುತ್ತದೆ, ಆದರೆ ಒಟ್ಟು ಲೆಕ್ಕದಲ್ಲಿ ನನ್ನ ಒಳ್ಳೆಯ ಫೋಟೋಗಳೆಲ್ಲ ಆ ದಿನಗಳವೇ.

ಹ್ಯಾವ್‌ಲಾಕಿನಲ್ಲಿ ಈ ತಲೆಬಿಸಿ ಕಡಿಮೆ. ಈ ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಿಟ್ಟಿದ್ದಾರೆ, ಡೈವಿಂಗ್‌ನವರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಪೋರ್ಟ್ ಬ್ಲೇರ್‌ಗೂ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಅಲ್ಲಿವರೆಗೆ ವಿಮಾನ, ಅಲ್ಲಿಂದ ಫೆರ್ರಿಯಲ್ಲಿ ಸುಮಾರು ಎರಡು ಗಂಟೆ. ನೀರಿಗೆ ಇಳಿದ ಕೂಡಲೇ ಬೆರಗಾಗುತ್ತದೆ. ಕೆಳಗೆ 20 ಮೀಟರ್ ಆಳದ ಬಂಡೆ ಮೇಲಿನಿಂದಲೇ ಕಾಣುತ್ತದೆ. ಡಿಕ್ಸನ್ಸ್ ಪಿನಾಕಲ್ ಅನ್ನುವ ಜಾಗದಲ್ಲಿ ನೀಲಿಯ ನಡುವೆ ಬಂಡೆಯ ಶಿಖರ ಎದ್ದು ಬಂದಾಗ ನಾನು ಕ್ಯಾಮೆರಾ ಒತ್ತುವುದನ್ನೇ ಮರೆತಿದ್ದೆ. ಜಾನೀಸ್ ಗಾರ್ಜ್‌ನಲ್ಲಿ ಹಳದಿ ಗೆರೆಯ ಸ್ನ್ಯಾಪರ್ ಮೀನುಗಳ ಹಿಂಡು ಗೋಡೆಯ ಹಾಗೆ ನಿಂತಿರುತ್ತದೆ. ನಾವು ಹತ್ತಿರ ಹೋದರೆ ಗೋಡೆ ಬಾಗಿಲಿನಂತೆ ತೆರೆದು ಮತ್ತೆ ಮುಚ್ಚುತ್ತದೆ. ಅಂಥ ನೋಟ ನೇತ್ರಾಣಿಯಲ್ಲಿ ನನಗೆ ಒಂದು ಸಲವೂ ಸಿಕ್ಕಿಲ್ಲ.

ಹಾಗಾದರೆ ಹ್ಯಾವ್‌ಲಾಕೇ ಮೇಲು ಅಲ್ವಾ ಅನ್ನಬಹುದು. ನೋಡಲು ಹೌದು. ಫೋಟೋಕ್ಕೆ ಬೇಕಾಗಿದ್ದು ಮೊದಲು ಸಮಯ, ಮತ್ತೆ ಹತ್ತಿರ.

ಸಮಯದ ಲೆಕ್ಕ ನೋಡಿ. ಹ್ಯಾವ್‌ಲಾಕಿನ ಆ ಹೆಸರಾಂತ ಜಾಗಗಳು ಆಳದಲ್ಲಿವೆ. ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್‌ಗೆ ಮಿತಿ 18 ಮೀಟರ್, 30 ಮೀಟರಿಗೆ ಅಡ್ವಾನ್ಸ್ಡ್ ಬೇಕು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿಯಾಗುತ್ತದೆ. ನೀರಿನ ಮೇಲಿನ ಗಾಳಿಯದೂ ಒಂದು ಸೇರಿ 30 ಮೀಟರಿನಲ್ಲಿ ನಾಲ್ಕು ಪಟ್ಟು ಒತ್ತಡ, ಒಂದೊಂದು ಉಸಿರಿಗೂ ಸಿಲಿಂಡರಿನಿಂದ ನಾಲ್ಕು ಪಟ್ಟು ಗಾಳಿ ಖಾಲಿ. ಗಾಳಿ ಉಳಿದಿದ್ದರೂ ಆ ಆಳದಲ್ಲಿ ಸುಮಾರು 20 ನಿಮಿಷಕ್ಕಿಂತ ಹೆಚ್ಚು ಇರುವಂತಿಲ್ಲ, ರಕ್ತದಲ್ಲಿ ಸಾರಜನಕ ತುಂಬಿಕೊಳ್ಳುತ್ತದೆ, ಮೇಲೆ ಬರುವಾಗ ಅದು ಗುಳ್ಳೆಯಾದರೆ ಅಪಾಯ. ಜಾನೀಸ್ ಗಾರ್ಜ್‌ನಲ್ಲಿ ನನಗೆ ಫೋಟೋಕ್ಕೆ ಅಂತ ಸಿಕ್ಕಿದ್ದು 11 ನಿಮಿಷ. ಉಳಿದದ್ದು ಇಳಿಯಲು, ಸೆಳೆತದ ಜೊತೆ ಗುದ್ದಾಡಲು, ಏರಲು ಹೋಯಿತು. ನೇತ್ರಾಣಿಯಲ್ಲಿ ನಾನು 8ರಿಂದ 12 ಮೀಟರ್ ಆಳದಲ್ಲೇ ಇರುತ್ತೇನೆ. ಒಂದೇ ಬಂಡೆಯ ಮುಂದೆ 40 ನಿಮಿಷ ಕೂರಬಹುದು. ಕೂತಿದ್ದೇನೆ ಕೂಡ.

ಆ ಬಂಡೆಯ ಕಥೆ ಹೇಳಬೇಕು. ಅದರಲ್ಲಿ ಪೆನ್ಸಿಲ್ ತೂರುವಷ್ಟು ಸಣ್ಣ ತೂತು. ಒಳಗೆ ಒಂದು ಬ್ಲೆನಿ ಮೀನು, ಕಿರುಬೆರಳಿನ ಉಗುರಿನಷ್ಟು ತಲೆ. ನಾನು ಹತ್ತಿರ ಹೋದರೆ ಒಳಗೆ, ಸುಮ್ಮನೆ ಇದ್ದರೆ ಹೊರಗೆ. ಉಸಿರು ಬಿಟ್ಟ ಗುಳ್ಳೆಯ ಸದ್ದಿಗೂ ಹೆದರುತ್ತದೆ. ನಾಲ್ಕೈದು ಸಲ ಒಳಗೆ ಹೊರಗೆ ಆಡಿತು. ಆಮೇಲೆ ನನ್ನನ್ನು ಬಂಡೆ ಅಂದುಕೊಂಡಿತೋ ಏನೋ, ಹೊರಗೇ ನಿಂತಿತು. ತಲೆ ಮೇಲೆ ಎಳೆಚಿಗುರಿನಂಥ ಎರಡು ಕುಚ್ಚು. ಕಣ್ಣಿನ ಸುತ್ತ ಅರಿಶಿನದ ಬಣ್ಣದ ಉಂಗುರ, ಅದರೊಳಗೆ ಕೆಂಪು ಚುಕ್ಕಿ. ಎರಡು ಕಣ್ಣೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದವು. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಹಿಂದೆ ಹೋಗುತ್ತಿದ್ದ ಗೊಬರಾ ಮೀನಿನ ಮೇಲೆ.

ಆ ಚಿತ್ರ ಸಿಕ್ಕಿದ್ದು ಟಿಜಿ-6ರಲ್ಲಿ. ಅದರ ಮೈಕ್ರೋಸ್ಕೋಪ್ ಮೋಡ್ 1 ಸೆಂಟಿಮೀಟರ್ ಹತ್ತಿರದ್ದನ್ನೂ ಫೋಕಸ್ ಮಾಡುತ್ತದೆ. ಬರಿ ಕ್ಯಾಮೆರಾ 15 ಮೀಟರ್ ತಡೆಯುತ್ತದೆ, ಹೌಸಿಂಗ್ ಹಾಕಿದರೆ 45. ಗೋಪ್ರೋ ಬರಿದಾಗಿ 10 ಮೀಟರ್, ಅದರದೇ ಕವಚದಲ್ಲಿ 60. ಆಳದ ಲೆಕ್ಕದಲ್ಲಿ ಗೋಪ್ರೋ ಗೆದ್ದಂತೆ ಕಂಡರೂ ನೇತ್ರಾಣಿಯಲ್ಲಿ ಅದು ನನಗೆ ಕೆಲಸಕ್ಕೆ ಬರಲಿಲ್ಲ. ಅದರ ಲೆನ್ಸ್ ಅಗಲ. ಹಸಿರು ನೀರಿನಲ್ಲಿ ಅಗಲದ ಲೆನ್ಸ್ ತೋರಿಸುವುದು ಅಗಲವಾದ ಹಸಿರನ್ನೇ. ಗೇಣು ದೂರಕ್ಕೆ ಹೋದರೆ ಮಾತ್ರ ಮೀನು ತುಂಬಿ ಕಾಣುತ್ತದೆ, ಅಷ್ಟು ಹತ್ತಿರ ಫೋಕಸ್ ನಿಲ್ಲುವುದಿಲ್ಲ. ಹ್ಯಾವ್‌ಲಾಕಿನಲ್ಲಿ ಇದೆಲ್ಲ ತಿರುವುಮುರುವು. ಸ್ನ್ಯಾಪರ್ ಹಿಂಡು, ಡೈವರ್, ಹಿಂದೆ ಬಂಡೆಯ ಗೋಡೆ, ಮೇಲಿನಿಂದ ಬಿಸಿಲಿನ ಕೋಲು, ಎಲ್ಲ ಒಂದೇ ಚೌಕಟ್ಟಿನಲ್ಲಿ ಗೋಪ್ರೋಗೆ ಸಿಕ್ಕಿತು. ವಿಡಿಯೋ ಅಂತೂ ಟಿಜಿ-6ಕ್ಕಿಂತ ಎಷ್ಟೋ ಪಾಲು ಚೆನ್ನ.

ಬಣ್ಣದ ವಿಷಯ ಹೊಸಬರು ತಿಳಿಯಲೇಬೇಕು. ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರಿಗೇ ಅದು ಮಂಕಾಗುತ್ತದೆ, ಆಮೇಲೆ ಕೇಸರಿ, ಆಮೇಲೆ ಹಳದಿ. ನನ್ನ ಗೆಳೆಯನ 400 ಫೋಟೋ ನೀಲಿಯಾಗಿದ್ದು ಇದರಿಂದಲೇ. 12 ಮೀಟರಿನಲ್ಲಿ ಒಂದು ಸಿಂಹಮೀನು ಬಂಡೆಯ ನೆರಳಿನಲ್ಲಿ ತೂಗಾಡುತ್ತಿತ್ತು. ಬರಿಗಣ್ಣಿಗೆ ಮೈಮೇಲಿನ ಪಟ್ಟೆ ಕಪ್ಪು. ಟಾರ್ಚ್ ಹಾಕಿದೆ. ಪಟ್ಟೆಗಳೆಲ್ಲ ಹೊಸ ಹಂಚಿನ ಕೆಂಪಾದವು. ಆ ಕ್ಷಣ ನನಗೆ ಇವತ್ತಿಗೂ ಮೈ ಜುಂ ಅನ್ನಿಸುತ್ತದೆ.

ಇದಕ್ಕೆ ಎರಡು ದಾರಿ. ಒಂದು ಲೆನ್ಸ್ ಮೇಲೆ ಕೆಂಪು ಫಿಲ್ಟರ್, ಇನ್ನೊಂದು ದೀಪ. ಫಿಲ್ಟರ್ ಅಗ್ಗ. ನೀಲಿ ನೀರು, ನೆತ್ತಿಯ ಬಿಸಿಲು, 5ರಿಂದ 15 ಮೀಟರ್, ಈ ಮೂರೂ ಕೂಡಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಅಂದರೆ ಹ್ಯಾವ್‌ಲಾಕ್. ನೇತ್ರಾಣಿಯ ಹಸಿರಿಗೆ ಕೆಂಪು ಫಿಲ್ಟರ್ ಹಾಕಿದರೆ ಚಿತ್ರ ಇನ್ನೂ ಕತ್ತಲಾಗುತ್ತದೆ, ಬಣ್ಣ ಬರುವುದಿಲ್ಲ. ಅಲ್ಲಿ ದೀಪವೇ ಬೇಕು. ಆದರೆ ದೀಪವನ್ನು ಕ್ಯಾಮೆರಾದ ಪಕ್ಕದಲ್ಲೇ ಕಟ್ಟಬೇಡಿ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಏನಾಗುತ್ತದೆ? ಬೆಳಕೆಲ್ಲ ತಿರುಗಿ ಕಣ್ಣಿಗೇ ಹೊಡೆಯುತ್ತದೆ. ನೀರಿನ ಧೂಳೂ ಹಾಗೇ, ಚಿತ್ರದ ತುಂಬ ಬಿಳಿ ಚುಕ್ಕೆ. ಮೊಳ ಉದ್ದದ ತೋಳು ಹಾಕಿ ದೀಪವನ್ನು ಬದಿಗೆ ತಂದು ಓರೆಯಾಗಿ ಬೀಳಿಸಿದೆ. ಚುಕ್ಕೆ ಮುಕ್ಕಾಲು ಪಾಲು ಹೋಯಿತು. ಬ್ಲೆನಿಯ ಚಿತ್ರ ಹಾಗೆ ತೆಗೆದದ್ದು.

ಹತ್ತಿರ ಹೋಗುವುದನ್ನು ಕಲಿಸಿದ್ದೂ ಈ ಹಸಿರು ನೀರೇ. ಮಾಸ್ಕ್‌ನ ಗಾಜಿನಿಂದ ನೋಡುವಾಗ ಎಲ್ಲವೂ ಕಾಲು ಭಾಗ ಹತ್ತಿರ ಕಾಣುತ್ತದೆ. ಮುಕ್ಕಾಲು ಮೀಟರ್ ಅಂತ ನಾವು ನಿಂತಾಗ ಮೀನು ನಿಜಕ್ಕೂ ಒಂದು ಮೀಟರ್ ದೂರ ಇರುತ್ತದೆ. ತಿಳಿನೀರಿನಲ್ಲಿ ಈ ತಪ್ಪು ಗೊತ್ತೇ ಆಗುವುದಿಲ್ಲ, ಮನೆಗೆ ಬಂದು ಪರದೆಯ ಮೇಲೆ ನೋಡಿದಾಗ ಗೊತ್ತಾಗುತ್ತದೆ. ನೇತ್ರಾಣಿಯಲ್ಲಿ ದೂರ ನಿಂತರೆ ಚಿತ್ರವೇ ಇಲ್ಲ, ಆದ್ದರಿಂದ ಮೊದಲ ದಿನದಿಂದಲೇ ಹತ್ತಿರ ಹೋಗುತ್ತೀರಿ.

ಆದರೆ ನೇತ್ರಾಣಿಯಲ್ಲಿ ಬೋಟು ನೋಡಿ ಆರಿಸಬೇಕು. ಒಂದು ಭಾನುವಾರ ನಾನು ಹತ್ತಿದ ಬೋಟಿನಲ್ಲಿ ಮೊದಲ ಸಲ ಮುಳುಗುವವರೇ 20 ಜನ ಇದ್ದರು. ಗೈಡ್‌ಗಳು ಮೂರೇ ಜನ. ನನ್ನ ಪಾಲಿಗೆ ಬಂದದ್ದು 15 ನಿಮಿಷ, ಅದರಲ್ಲೂ ಸಿಲಿಂಡರಿನ ಕತ್ತು ಗೈಡ್ ಕೈಯಲ್ಲಿ. ನಮ್ಮ ಕಾಲ ಕೆಳಗೆ ಒಬ್ಬರು ಸೆಲ್ಫಿಗೆ ಅಂತ ಹವಳದ ಮೇಲೆ ಮಂಡಿ ಊರಿದರು. ಅದು ಮುರಿದದ್ದು ಕಣ್ಣಾರೆ ನೋಡಿದೆ. ಆ ಗಾತ್ರಕ್ಕೆ ಬೆಳೆಯಲು ಅದಕ್ಕೆ ಎಷ್ಟೋ ವರ್ಷ ಬೇಕು. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಅಂಡಮಾನದಲ್ಲಿ 2010ರಲ್ಲಿ ನೀರು ಬಿಸಿಯಾಗಿ ಎಷ್ಟೋ ಹವಳ ಬಿಳಿಚಿಕೊಂಡಿತು. ಬಿಸಿ ಮಾಡುವ ಹಾನಿಯ ಮೇಲೆ ನಮ್ಮ ಕಾಲಿನದೂ ಬೇಡ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮೊದಲ 15 ಡೈವ್‌ಗೆ ಕ್ಯಾಮೆರಾ ಬೇಡ. ಏನನ್ನೂ ಮುಟ್ಟದೆ ನೀರಿನ ನಡುವೆ ನಿಲ್ಲಲು ಬರಲಿ. ವಾರದ ದಿನ ಹೋಗಿ, ಜನ ಎಷ್ಟು ಅಂತ ಮೊದಲೇ ಕೇಳಿ. ಹ್ಯಾವ್‌ಲಾಕಿನಲ್ಲಿ ನಾನು ಹೋದ ಬೋಟಿನಲ್ಲಿ ನಾಲ್ಕು ಜನಕ್ಕೆ ಒಬ್ಬ ಗೈಡ್ ಇದ್ದ. ಈ ವಿಷಯದಲ್ಲಿ ಹ್ಯಾವ್‌ಲಾಕ್ ಮುಂದೆ.

ಹೌಸಿಂಗ್ ಒಳಗೆ ನೀರು ಹೊಕ್ಕಿದ್ದೂ ಅಲ್ಲೇ, ತಪ್ಪು ನನ್ನದು. ಹೌಸಿಂಗ್‌ನ ಓ-ರಿಂಗ್ ಅನ್ನುವ ರಬ್ಬರ್ ಬಳೆಯ ಮೇಲೆ ಪಂಜೆಯ ಒಂದು ನೂಲೆಳೆ ಕೂತಿತ್ತು. 9 ಮೀಟರಿನಲ್ಲಿ ಗಾಜಿನ ಮೂಲೆಯಲ್ಲಿ ಗುಂಡುಸೂಜಿ ತಲೆಯಷ್ಟು ಹನಿ ಕಂಡಿತು. ಲೆನ್ಸ್ ಕೆಳಗೆ ಮಾಡಿ ಹಿಡಿದು ನಿಧಾನ ಮೇಲೆ ಬಂದೆ. ಕ್ಯಾಮೆರಾ ತಾನೇ ನೀರು ತಡೆಯುವುದಾದ್ದರಿಂದ ಉಳಿಯಿತು. ಈಗ ಹೌಸಿಂಗ್ ಮುಚ್ಚುವುದು ಹಿಂದಿನ ರಾತ್ರಿ ರೂಮಿನಲ್ಲಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು. ಬೋಟಿನ ತೇವದ ಗಾಳಿಯಲ್ಲಿ ಮುಚ್ಚಿದರೆ ಕೆಳಗೆ ಗಾಜು ಮಂಜಾಗುತ್ತದೆ.

ಖರ್ಚು: ನೇತ್ರಾಣಿಯ ಎರಡು ಡೈವ್, ಒಂದು ರಾತ್ರಿ ಊಟ ವಸತಿ, ಪೆಟ್ರೋಲ್ ಸೇರಿ ನನಗೆ 9 ಸಾವಿರದ ಆಸುಪಾಸು. ಹ್ಯಾವ್‌ಲಾಕಿನ ಒಂದು ವಾರಕ್ಕೆ 80 ಸಾವಿರ ದಾಟಿತು. ರಾತ್ರಿ ವಸತಿ ಯಾಕೆ ಅಂದರೆ, ಹಲವು ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಅದೇ ಸಾರಜನಕದ ಅಪಾಯ. ಶಿರಸಿಯೂ ಸುಮಾರು 600 ಮೀಟರ್ ಎತ್ತರದ ಊರು. ಹಾಗಾಗಿ ನಾನು ಡೈವ್ ಮಾಡಿದ ಸಂಜೆಯೇ ಘಟ್ಟ ಹತ್ತುವುದಿಲ್ಲ. ಘಟ್ಟದ ಮೇಲಿನವರು ಇದನ್ನು ಮರೆಯಬಾರದು.

ಎರಡೂ ಕಡೆಯ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮನೆಯ ಜಗಲಿಯಲ್ಲಿ ಇಟ್ಟಿದ್ದೆ. ಆಯಿ ಸ್ನ್ಯಾಪರ್ ಹಿಂಡನ್ನು ನೋಡಿ ಚಂದ ಅಂದರು, ಮುಂದೆ ಹೋದರು. ಬ್ಲೆನಿಯ ಮುಂದೆ ನಿಂತರು. "ಇದೆಂತದಾ ತಮಾ, ಹಿಂಗೆ ಕಣ್ಣು ಬಿಟ್ಕಂಡು ಕೂತ್ಕಂಡಿದ್ದು?" ಅಂತ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

ಈ ಡಿಸೆಂಬರಿನ ಅಷ್ಟಮಿಗೆ ಬೋಟಿನಲ್ಲಿ ಎರಡು ಜಾಗ ಹೇಳಿಟ್ಟಿದ್ದೇನೆ. ಒಂದು ನನಗೆ, ಇನ್ನೊಂದು ಆ 400 ನೀಲಿ ಫೋಟೋದ ಗೆಳೆಯನಿಗೆ. ಮೊದಲ ದಿನ ಅವನ ಕ್ಯಾಮೆರಾ ಬೋಟಿನಲ್ಲೇ ಇರುತ್ತದೆ. ಎರಡನೇ ದಿನ ಅದೇ ತೂತಿನ ಬಂಡೆಗೆ ಕರೆದುಕೊಂಡು ಹೋಗುತ್ತೇನೆ.