ರೂರ್ ಮ್ಯೂಸಿಯಂ, ಎಸ್ಸೆನ್: ಯಂತ್ರಗಳನ್ನು ಕದಲಿಸದೆ ಹೇಳಿದ ಚರಿತ್ರೆ

ಜರ್ಮನಿಯ ಎಸ್ಸೆನ್ ನಗರದ ತ್ಸೊಲ್‌ಫೆರಾಯ್ನ್ ಕಲ್ಲಿದ್ದಲು ಗಣಿ 1986ರಲ್ಲೂ ಅದರ ಕೋಕ್ (ಕಲ್ಲಿದ್ದಲನ್ನು ಕಾಯಿಸಿ ತಯಾರಿಸುವ ಇಂಧನ) ಘಟಕ 1993ರಲ್ಲೂ ಮುಚ್ಚಿದ ಮೇಲೆ, ಕಟ್ಟಡಗಳನ್ನು ಕೆಡವದೆ ಉಳಿಸಿಕೊಂಡ ನಿರ್ಧಾರ ಎಷ್ಟು ದೂರದೃಷ್ಟಿಯದೆಂಬುದು ಇಲ್ಲಿಗೆ ಬಂದವರಿಗೆ ಮನದಟ್ಟಾಗುತ್ತದೆ. 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಆವರಣದಲ್ಲಿ, ಹಿಂದೆ ಕಲ್ಲಿದ್ದಲನ್ನು ತೊಳೆಯುತ್ತಿದ್ದ ಕಟ್ಟಡವೇ 2010ರಿಂದ ಈ ಗಣಿಗಾರಿಕೆಯ ರೂರ್ ಪ್ರದೇಶದ ಚರಿತ್ರೆ ಹೇಳುವ ರೂರ್ ಮ್ಯೂಸಿಯಂ ಆಗಿದೆ. ಹೊರಗಿನ ಉದ್ದನೆಯ ಎಸ್ಕಲೇಟರ್ 24 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಂದ ಒಂದೊಂದೇ ಅಂತಸ್ತು ಕೆಳಗಿಳಿಯುತ್ತ ನೋಡಬೇಕು, ಏಕೆಂದರೆ ಕಲ್ಲಿದ್ದಲೂ ಇದೇ ಹಾದಿಯಲ್ಲಿ ಇಳಿಯುತ್ತಿತ್ತು. ಭಾರಿ ಯಂತ್ರಗಳನ್ನು ಇದ್ದಲ್ಲಿಯೇ ಬಿಟ್ಟು, ಪಳೆಯುಳಿಕೆಗಳಿಂದ ಹಿಡಿದು ಕಾರ್ಮಿಕರ ದಿನಬಳಕೆಯ ವಸ್ತುಗಳವರೆಗೆ ಎಲ್ಲವನ್ನೂ ಜೋಡಿಸಿರುವ ಕ್ರಮ ನನಗೆ ಅತ್ಯಂತ ಮೆಚ್ಚುಗೆಯಾಯಿತು. ಆದರೆ ಪ್ರವಾಸಿಗರು ಬಂದ ಮಾತ್ರಕ್ಕೆ ಗಣಿಯ ಉದ್ಯೋಗಗಳು ಮರಳುವುದಿಲ್ಲ. ಆದ್ದರಿಂದ ಗಣಿ ಕಾರ್ಮಿಕರು ನೆಲೆಸಿದ್ದ ಪಕ್ಕದ ಕಾಟರ್ನ್‌ಬೆರ್ಗ್ ಬಡಾವಣೆಯನ್ನೂ ನಡೆದು ನೋಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನಗರದ ಮುಖ್ಯ ರೈಲು ನಿಲ್ದಾಣದಿಂದ 107ನೇ ಟ್ರಾಮ್ ಇಲ್ಲಿಗೆ ಬರುತ್ತದೆ.