ಹೊತ್ತು ಮುಳುಗುವ ಮುನ್ನ ನಿಲ್ಲಬಲ್ಲ ಗಾಡಿ: ಆಸ್ಟ್ರೇಲಿಯಾದ ಒಳನಾಡಿನಲ್ಲಿ ನಮ್ಮ ಹೈಏಸ್ ಕ್ಯಾಂಪರ್‌ವ್ಯಾನ್

ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಾನು ಮತ್ತು ನನ್ನ ಪತಿ ಕೆಲವು ವರ್ಷಗಳ ಹಿಂದೆ ಕೊಂಡ ಸೆಕೆಂಡ್‌ಹ್ಯಾಂಡ್ ಕ್ಯಾಂಪರ್‌ವ್ಯಾನ್‌ನ ವಿಮರ್ಶೆ ಇದು. ಗಾಡಿ ಟೊಯೋಟಾ ಹೈಏಸ್, 2019ರಲ್ಲಿ ಹೊಸ ಮಾದರಿ ಬರುವುದಕ್ಕೆ ಹಿಂದಿನ ತಲೆಮಾರಿನದು. ಉದ್ದನೆಯ ದೇಹ, ಡೀಸೆಲ್ ಎಂಜಿನ್, ಒಳಗೆ ನೆಟ್ಟಗೆ ನಿಲ್ಲಲು ಸಾಧ್ಯವಾಗುವಂತೆ ಮೇಲೆ ಕೂರಿಸಿದ ಫೈಬರ್‌ಗ್ಲಾಸ್ ಛಾವಣಿ. ಹಾಸಿಗೆ, ಒಲೆ, ಫ್ರಿಜ್, ಸಿಂಕ್, ವಿದ್ಯುತ್ ಕೆಲಸವನ್ನೆಲ್ಲ ಮಾಡಿದ್ದು ಬೇರೊಂದು ಕಾರ್ಯಾಗಾರ. ವಿಕ್ಟೋರಿಯಾದ ಗೋಧಿ ಸೀಮೆ, ಬ್ರೋಕನ್ ಹಿಲ್, ಫ್ಲಿಂಡರ್ಸ್ ರೇಂಜಸ್, ಸ್ಟುವರ್ಟ್ ಹೆದ್ದಾರಿಯ ಮೂಲಕ ಉಲೂರು ಬಂಡೆಯವರೆಗೆ ಇದೇ ಗಾಡಿಯಲ್ಲಿ ಓಡಾಡಿದ್ದೇವೆ. ಕೊಳ್ಳುವಾಗ ಗೊತ್ತಾಗದೆ ಬಳಸುತ್ತ ಬಳಸುತ್ತ ಗೊತ್ತಾಗುವ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಕ್ಯಾಂಪರ್‌ವ್ಯಾನ್‌ನ ಬೆಲೆ ತಿಳಿಯುವುದು ಸಂಜೆ ಐದರ ಸುಮಾರಿಗೆ. ಮುಂಜಾವಿನಲ್ಲೂ ಮುಸ್ಸಂಜೆಯಲ್ಲೂ ಕಾಂಗರೂಗಳು ಮೇಯಲು ರಸ್ತೆ ಬದಿಗೆ ಬರುತ್ತವೆ. ದೀಪದ ಬೆಳಕಿಗೆ ಬೆದರಿ ಯಾವ ದಿಕ್ಕಿಗೆ ನೆಗೆಯುತ್ತವೆಂದು ಹೇಳಲು ಬರುವುದಿಲ್ಲ. ಉತ್ತರಕ್ಕೆ ಹೋದಂತೆ ಬೇಲಿಯಿಲ್ಲದ ಹುಲ್ಲುಗಾವಲಿನ ದನಗಳೂ ಅಡ್ಡ ಬರುತ್ತವೆ. ಊರಿನ ಹೊರಗೆ ರಾತ್ರಿ ಗಾಡಿ ಓಡಿಸಬಾರದೆಂದು ಬಾಡಿಗೆ ಕಂಪನಿಗಳಲ್ಲಿ ಅನೇಕವು ಕರಾರಿನಲ್ಲೇ ಬರೆಸಿಕೊಳ್ಳುವುದು ಇದೇ ಕಾರಣಕ್ಕೆ. ಹೀಗಾಗಿ ಹೊತ್ತು ಮುಳುಗುವ ಮೊದಲು, ಊರಿರಲಿ ಬಿಡಲಿ, ಎಲ್ಲಿದ್ದೇವೋ ಅಲ್ಲಿ ಧೈರ್ಯವಾಗಿ ನಿಂತು ಉಂಡು ಮಲಗಲು ಯಾವ ಗಾಡಿ ಅವಕಾಶ ಕೊಡುತ್ತದೋ ಅದೇ ಒಳ್ಳೆಯ ಗಾಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೆತ್ತನೆಯ ಸೀಟು, ಬಣ್ಣದ ದೀಪ, ದೊಡ್ಡ ಟಿವಿ ಇವೆಲ್ಲ ಆಮೇಲಿನ ಮಾತು.

ಹಾಗೆ ನಿಲ್ಲಬೇಕಾದರೆ ಮೊದಲು ಬೇಕಾದದ್ದು ವಿದ್ಯುತ್. ನಮ್ಮ ಗಾಡಿಯ ದೊಡ್ಡ ಕೊರತೆ ಇದ್ದದ್ದೂ ಇಲ್ಲಿಯೇ. ಕಾರ್ಯಾಗಾರದವರು ಕೂರಿಸಿದ್ದು 100 ಆಂಪಿಯರ್-ಅವರ್‌ನ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ ಇದು) ಎಜಿಎಂ ಎಂಬ ಸೀಸ-ಆಮ್ಲ ಬಗೆಯ ಬ್ಯಾಟರಿ. ಅದರ ಆಯುಷ್ಯ ಕೆಡದಂತೆ ಬಳಸಬೇಕೆಂದರೆ ಅರ್ಧದಷ್ಟು ಮಾತ್ರ ಖರ್ಚು ಮಾಡಬೇಕು, ಎಂದರೆ ಕೈಗೆ ಸಿಗುವುದು 50. ಕಂಪ್ರೆಸರ್ ಫ್ರಿಜ್ ಒಂದೇ ದಿನಕ್ಕೆ 30ರಿಂದ 50 ನುಂಗುತ್ತದೆ. ಹೊರಗೆ 40 ಡಿಗ್ರಿ ದಾಟಿದ ದಿನ ಅದು ನಿಲ್ಲದೆ ಓಡುತ್ತದೆ. ಮೊದಲ ರಾತ್ರಿ ಕಳೆದು ಎರಡನೆಯ ದಿನ ಮೋಡ ಕವಿಯಿತೆಂದರೆ ಬೆಳಗಿನ ಜಾವಕ್ಕೆ ಫ್ರಿಜ್ ಎಚ್ಚರಿಕೆಯ ಸದ್ದು ಮಾಡಿ ಆರಿಹೋಗುತ್ತಿತ್ತು, ಹಾಲು ಒಡೆಯುತ್ತಿತ್ತು. ದೂರು ಕೊಟ್ಟಾಗ ಕಾರ್ಯಾಗಾರದವರು, ಪ್ರತಿ ರಾತ್ರಿ ಕ್ಯಾರವಾನ್ ಪಾರ್ಕಿನಲ್ಲಿ (ಇಂಥ ಗಾಡಿಗಳು ದುಡ್ಡು ಕೊಟ್ಟು ತಂಗುವ ಜಾಗ) ಕರೆಂಟಿಗೆ ಸಿಕ್ಕಿಸಿ ಎಂದು ಉತ್ತರಿಸಿದರು. ಪ್ರತಿ ರಾತ್ರಿ ಪಾರ್ಕಿಗೇ ಹೋಗುವುದಾದರೆ ಬ್ಯಾಟರಿಯೇ ಏಕೆ ಬೇಕಿತ್ತು?

ಕ್ವಾರ್ನ್ ಊರಿನಲ್ಲಿ ನಮ್ಮ ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದ ನಿವೃತ್ತ ದಂಪತಿ ತಮ್ಮ ವಿದ್ಯುತ್ ಪೆಟ್ಟಿಗೆಯನ್ನು ತೆರೆದು ತೋರಿಸಿ, ಸಮಾಧಾನವಾಗಿ ಎಲ್ಲವನ್ನೂ ವಿವರಿಸಿದರು. ಅವರ ಮಾತಿನಂತೆ ಈಗ ನಮ್ಮಲ್ಲಿ 200 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಛಾವಣಿಯ ಮೇಲೆ 200 ವಾಟ್ ಸೋಲಾರ್ ಫಲಕ, ಓಡುವಾಗ ಎಂಜಿನ್‌ನಿಂದ ಬ್ಯಾಟರಿ ತುಂಬಿಸುವ 25 ಆಂಪಿಯರ್‌ನ ಚಾರ್ಜರ್ ಇವೆ. ಮೂರು ಗಂಟೆ ಗಾಡಿ ಓಡಿದರೆ 70ಕ್ಕೂ ಹೆಚ್ಚು ಆಂಪಿಯರ್-ಅವರ್ ಸೇರುತ್ತದೆ, ಹೆಚ್ಚುಕಡಿಮೆ ಒಂದು ದಿನದ ಬಳಕೆ ಅಷ್ಟರಲ್ಲೇ ಮುಗಿಯುತ್ತದೆ. ಖರ್ಚು ಕಡಿಮೆಯದಲ್ಲ. ಆದರೆ ಈ ಗಾಡಿಗೆ ನಾವು ಹಾಕಿದ ದುಡ್ಡಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ. ಬದಲಾವಣೆಯ ನಂತರ ಸತತ ಮೂರು ನಾಲ್ಕು ರಾತ್ರಿ ಯಾವ ಪಾರ್ಕಿಗೂ ಹೋಗದೆ ಹೆದ್ದಾರಿ ಬದಿಯ ತಂಗುದಾಣಗಳಲ್ಲೇ ಉಳಿಯಲು ಸಾಧ್ಯವಾಗಿದೆ.

ಕನ್ನಡದ ಅಡುಗೆಮನೆಯವರು ಕೇಳುವ ಮೊದಲ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಇನ್ವರ್ಟರ್ ಮೂಲಕ ಮಿಕ್ಸಿ ಓಡಿಸಬಹುದು. 600 ವಾಟ್‌ನ ಮಿಕ್ಸಿ 12 ವೋಲ್ಟ್ ಬ್ಯಾಟರಿಯಿಂದ 50 ಆಂಪಿಯರ್‌ಗೂ ಮೇಲೆಯೇ ಎಳೆದರೂ ಚಟ್ನಿಗೆ ಬೇಕಾಗುವುದು ಒಂದೆರಡು ನಿಮಿಷ, ಲೆಕ್ಕಕ್ಕೆ ಬರುವುದು ಎರಡು ಆಂಪಿಯರ್-ಅವರ್ ಮಾತ್ರ. ಎರಡು ಬರ್ನರ್‌ನ ಗ್ಯಾಸ್ ಒಲೆಯ ಮೇಲೆ ಮೂರು ಲೀಟರ್‌ನ ಕುಕ್ಕರ್ ಸರಿಯಾಗಿ ಕೂರುತ್ತದೆ. ಅದಕ್ಕಿಂತ ದೊಡ್ಡದಾದರೆ ಪಕ್ಕದ ಬರ್ನರ್‌ಗೆ ಜಾಗವಿರದು. ತೊಂದರೆ ಇರುವುದು ಒಗ್ಗರಣೆಯಲ್ಲಿ. ಒಣಮೆಣಸಿನಕಾಯಿಯ ಘಾಟು ಮುಚ್ಚಿದ ಗಾಡಿಯಲ್ಲಿ ಹಾಸಿಗೆ ಬಟ್ಟೆಗೂ ಹತ್ತುತ್ತದೆ. ಚಾವಣಿಯ ಫ್ಯಾನನ್ನು ಹೊರಗೆ ಗಾಳಿ ತಳ್ಳುವಂತೆ ತಿರುಗಿಸಿ, ಜಾರುಬಾಗಿಲನ್ನು ಒಂದು ಗೇಣು ತೆರೆದಿಟ್ಟರೆ ಒಗ್ಗರಣೆ ಸಿಡಿದು ಮುಗಿಯುವಷ್ಟರಲ್ಲಿ ಗಾಳಿ ತಿಳಿಯಾಗುತ್ತದೆ. ಬಾಗಿಲು ತೆರೆಯಬೇಕೆಂದರೆ ಸೊಳ್ಳೆಪರದೆಯಂಥ ಜಾಲರಿ ಕಡ್ಡಾಯ, ಏಕೆಂದರೆ ಒಳನಾಡಿನ ನೊಣಗಳು ಕಣ್ಣು, ಮೂಗು, ಬಾಯಿಗಳ ತೇವವನ್ನೇ ಹುಡುಕಿಕೊಂಡು ಬರುತ್ತವೆ. ನಮ್ಮ ಗಾಡಿಗೆ ಜಾಲರಿ ಇರಲಿಲ್ಲ. ಅಯಸ್ಕಾಂತ ಹೊಲಿದ ಪರದೆಯನ್ನು ನಾನೇ ಸಿದ್ಧಪಡಿಸಿದೆ.

ದಿನಸಿಯ ವಿಷಯದಲ್ಲಿ ರಾಜ್ಯದ ಗಡಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಣ್ಣಿನ ನೊಣದ ಪಿಡುಗನ್ನು ತಡೆಯಲು ದಕ್ಷಿಣ ಆಸ್ಟ್ರೇಲಿಯಾ ಬಹಳ ಕಟ್ಟುನಿಟ್ಟು. ಮಿಲ್ಡುರಾದಿಂದ ರೆನ್‌ಮಾರ್ಕ್ ಕಡೆ ಹೋಗುವಾಗ ಯಾಂಬಾ ಎಂಬಲ್ಲಿ ಎಲ್ಲ ವಾಹನಗಳನ್ನೂ ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಟೊಮೆಟೊ, ಹಸಿಮೆಣಸಿನಕಾಯಿ, ಮಾವಿನಹಣ್ಣು ಫ್ರಿಜ್‌ನಲ್ಲಿ ಉಳಿದಿದ್ದರೆ ಒಪ್ಪಿಸಲೇಬೇಕು, ಮುಚ್ಚಿಟ್ಟರೆ ದಂಡ. ಆದ್ದರಿಂದ ಮಿಲ್ಡುರಾದಲ್ಲಿಯೇ ಟೊಮೆಟೊ ಗೊಜ್ಜು ಬೇಯಿಸಿ ಡಬ್ಬಿಗೆ ತುಂಬಿಕೊಳ್ಳುವುದು ನನ್ನ ರೂಢಿ.

ನೀರಿನ ಟ್ಯಾಂಕು 70 ಲೀಟರ್. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುವ ಅಭ್ಯಾಸವಿದ್ದರೆ ಇಬ್ಬರಿಗೆ ನಾಲ್ಕು ದಿನ ಬರುತ್ತದೆ. ಒಳನಾಡಿನ ಎಷ್ಟೋ ಕಡೆ ಸಿಗುವುದು ಕೊಳವೆಬಾವಿಯ ಉಪ್ಪುನೀರು, ಕುಕ್ಕರ್‌ನ ತಳ ಬಿಳಿಯಾಗುತ್ತದೆ, ಬೇಳೆ ಬೇಯುವುದಿಲ್ಲ. ಓಪಲ್ ಗಣಿಗಳ ಊರಾದ ಕೂಬರ್ ಪೀಡಿಯಲ್ಲಿ ನಾಣ್ಯ ಹಾಕಿ ಶುದ್ಧೀಕರಿಸಿದ ನೀರು ತುಂಬಿಸಿಕೊಳ್ಳುವ ಕೊಳಾಯಿ ಇದೆ. ಅಲ್ಲಿ ಟ್ಯಾಂಕನ್ನು ಭರ್ತಿ ಮಾಡದೆ ಮುಂದೆ ಹೋಗಬೇಡಿ. ಸಿಂಕಿನ ನೀರನ್ನು ನೆಲಕ್ಕೆ ಬಿಡದೆ ಟ್ಯಾಂಕಿನಲ್ಲಿ ಹಿಡಿದಿಡುವ ವ್ಯವಸ್ಥೆ ಇರುವ ಗಾಡಿಗೆ ಮಾತ್ರ ಕೆಲವು ತಂಗುದಾಣಗಳಲ್ಲಿ ಅನುಮತಿ; ಕೊಳ್ಳುವಾಗ ಇದನ್ನು ಬಗ್ಗಿ ನೋಡಿ.

ಓಡಿಸುವ ಸುಖದ ಬಗ್ಗೆ ನನಗೆ ದೂರಿಲ್ಲ. ಇಲ್ಲಿಯೂ ರಸ್ತೆಯ ಎಡಬದಿಯ ಸಂಚಾರವೇ ಇರುವುದರಿಂದ ನಮ್ಮವರಿಗೆ ಹೊಸತೆನಿಸದು, ಸಾಮಾನ್ಯ ಕಾರಿನ ಲೈಸೆನ್ಸ್ ಸಾಕು. ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇರುವುದರಿಂದ ಹಿಂದೆ ವಾಸಕ್ಕೆ ಹೆಚ್ಚು ಜಾಗ ಉಳಿಯುತ್ತದೆ, ಸಣ್ಣ ಊರುಗಳಲ್ಲೂ ಈ ಗಾಡಿಯನ್ನು ಬಲ್ಲ ಮೆಕ್ಯಾನಿಕ್‌ಗಳು ಸಿಗುತ್ತಾರೆ. ಡೀಸೆಲ್ ಬಳಕೆ 100 ಕಿ.ಮೀ.ಗೆ 10ರಿಂದ 11 ಲೀಟರ್. ಎದುರುಗಾಳಿ ಬೀಸಿದ ದಿನ ಎತ್ತರದ ಛಾವಣಿಯಿಂದಾಗಿ 13 ದಾಟುತ್ತದೆ. ಈ ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ ಸ್ಟುವರ್ಟ್ ಹೆದ್ದಾರಿಯಲ್ಲಿ ಗ್ಲೆಂಡಾಂಬೊದಿಂದ ಕೂಬರ್ ಪೀಡಿವರೆಗೆ ಸುಮಾರು 250 ಕಿ.ಮೀ. ಉದ್ದಕ್ಕೂ ಒಂದು ಬಂಕ್ ಕೂಡ ಇಲ್ಲ, ಮೊಬೈಲ್ ಸಿಗ್ನಲ್ ಬಹುಪಾಲು ಸಿಗುವುದಿಲ್ಲ. ಹಲವು ಟ್ರೇಲರ್‌ಗಳನ್ನು ಎಳೆಯುವ, 53.5 ಮೀಟರ್ ಉದ್ದದವರೆಗಿನ ರೋಡ್ ಟ್ರೇನ್ ಎಂಬ ಲಾರಿಗಳು ಎದುರಿನಿಂದ ಬಂದಾಗ ಗಾಳಿಯ ಗುದ್ದಿಗೆ ಗಾಡಿ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತದೆ. ಸ್ಟಿಯರಿಂಗನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿರಬೇಕು. ಗಾಡಿಯಿಂದ ಗಾಡಿಗೆ ಮಾತಾಡುವ ಯುಎಚ್‌ಎಫ್ ರೇಡಿಯೊ ಕೂರಿಸಿ 40ನೇ ಚಾನೆಲ್‌ನಲ್ಲಿಟ್ಟರೆ ಲಾರಿ ಚಾಲಕರ ಮಾತು ಕೇಳುತ್ತದೆ. ಹಿಂದಿನಿಂದ ಬರುತ್ತಿರುವವರಿಗೆ ದಾರಿ ಬಿಡುತ್ತೇವೆಂದು ಹೇಳಿದರೆ ಅವರು ಸೌಜನ್ಯದಿಂದ ವಂದಿಸಿ ಮುಂದೆ ಹೋಗುತ್ತಾರೆ.

ಮಣ್ಣು ರಸ್ತೆ ಈ ಗಾಡಿಯ ಕ್ಷೇತ್ರವಲ್ಲ. ಫ್ಲಿಂಡರ್ಸ್ ರೇಂಜಸ್‌ನಲ್ಲಿ ಅಲೆಅಲೆಯಾಗಿ ಗಟ್ಟಿಯಾದ ಮಣ್ಣು ರಸ್ತೆಯ ಮೇಲೆ ನಿಧಾನವಾಗಿ ಹೋದರೂ ಕಾರ್ಯಾಗಾರದವರು ಹಾಕಿದ ಡ್ರಾಯರ್ ಚಿಲಕಗಳು ತಾವಾಗಿಯೇ ಬಿಚ್ಚಿಕೊಂಡವು, ಹಿಂಬಾಗಿಲ ಸಂದಿನಿಂದ ನುಗ್ಗಿದ ಕೆಂಪು ಧೂಳು ಅಕ್ಕಿ ಡಬ್ಬಿಯ ಮುಚ್ಚಳದ ಸುತ್ತುಗಳಲ್ಲೂ ಕೂತಿತ್ತು. ಮಳೆ ಬಿದ್ದ ಮೇಲೆ ಇಂಥ ರಸ್ತೆಗಳನ್ನು ಮುಚ್ಚುತ್ತಾರೆ. ಮುಚ್ಚಿದ ರಸ್ತೆಗೆ ಇಳಿದರೆ ದಂಡ ಕಟ್ಟಬೇಕು, ಹೂತುಹೋದರೆ ಎಳೆಸುವ ಖರ್ಚು ಅದರ ಮೇಲೆ. ಆದರೆ ಡಾಂಬರು ರಸ್ತೆಯಲ್ಲಿಯೇ ತಲುಪಬಹುದಾದ ಊರುಗಳು ಎಷ್ಟೊಂದಿವೆ! 2016ರಲ್ಲಿ ಗೋಧಿ ಕಣಜಗಳ ಮೇಲೆ ರೈತರ ಬೃಹತ್ ಚಿತ್ರಗಳು ಮೂಡಿದ ಬ್ರಿಮ್, ನ್ಯೂ ಸೌತ್ ವೇಲ್ಸ್‌ನಲ್ಲಿದ್ದೂ ದಕ್ಷಿಣ ಆಸ್ಟ್ರೇಲಿಯಾದ ಗಡಿಯಾರವನ್ನು ಅನುಸರಿಸುವ ಬ್ರೋಕನ್ ಹಿಲ್, ಕೊನೆಗೆ ಉಲೂರು ಕೂಡ. 348 ಮೀಟರ್ ಎತ್ತರದ ಆ ಬಂಡೆಯನ್ನು ಹತ್ತುವುದನ್ನು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಇಚ್ಛೆಯಂತೆ 2019ರ ಅಕ್ಟೋಬರ್‌ನಲ್ಲಿ ನಿಲ್ಲಿಸಲಾಯಿತು. ಬುಡದ ಸುತ್ತ ನಡೆದುಬಂದು ಗಾಡಿಯ ಬಾಗಿಲಲ್ಲಿ ಕೂತು ಅನ್ನ, ಹುಳಿ ಉಂಡ ಮಧ್ಯಾಹ್ನಕ್ಕೆ ಸಮನಾದದ್ದು ನನಗೆ ಯಾವ ಹೋಟೆಲಿನಲ್ಲೂ ಸಿಕ್ಕಿಲ್ಲ.

ಮಲಗುವ ವ್ಯವಸ್ಥೆಯ ಕುರಿತು ಒಂದು ಮಾತು. ಹೈಏಸ್‌ನ ಅಗಲ ಅಡ್ಡಲಾಗಿ ಮಲಗಲು ಎತ್ತರದವರಿಗೆ ಸಾಲದು, ಉದ್ದಕ್ಕೆ ಹಾಸಿದ ಹಾಸಿಗೆಯನ್ನೇ ಆರಿಸಿ. ಹಗಲು ಮೇಜು, ರಾತ್ರಿ ಮಂಚ ಎಂಬ ಜೋಡಣೆ ಅಂಗಡಿಯಲ್ಲಿ ಆಕರ್ಷಕವಾಗಿ ಕಾಣುತ್ತದೆ, ಆದರೆ ದಣಿದ ಸಂಜೆ ಅದನ್ನು ಬಿಚ್ಚಿ ಜೋಡಿಸುವುದು ಬೇಸರದ ಕೆಲಸ. ನಾವು ಹಾಸಿಗೆಯನ್ನು ಹಾಸಿಯೇ ಇಟ್ಟಿದ್ದೇವೆ. ಮರುಭೂಮಿಯ ಚಳಿಗಾಲದ ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ, ಡೀಸೆಲ್ ಹೀಟರ್ ಇದ್ದರೆ ಒಳ್ಳೆಯದು. ಉಸಿರಿನ ತೇವ ಗಾಜಿನ ಮೇಲೆ ಹನಿಗಟ್ಟದಂತೆ ಚಾವಣಿಯ ಕಿಂಡಿಯನ್ನು ಬೆರಳಿನಷ್ಟು ತೆರೆದಿಡಬೇಕು.

ಮಕ್ಕಳಿರುವವರಿಗೆ ಈ ಗಾಡಿ ಆಗದು. ಸೀಟು, ಹಾಸಿಗೆ, ಎಲ್ಲವೂ ಇಬ್ಬರಿಗೆ ಮಾತ್ರ. ನಗರದ ನೆಲಮಾಳಿಗೆಯ ಪಾರ್ಕಿಂಗ್‌ಗೂ ಇದರ ಎತ್ತರ ಹಿಡಿಸದು. ಇಬ್ಬರೇ ಇದ್ದು, ದಿನಕ್ಕೆ ಮುನ್ನೂರು ನಾನೂರು ಕಿ.ಮೀ. ಸಾಕೆನ್ನುವ ದಂಪತಿಗಳಿಗೆ ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ, ಕೊಳ್ಳುವ ಮೊದಲು ಇದೇ ಅಳತೆಯ ಗಾಡಿಯನ್ನು ಒಂದು ವಾರ ಬಾಡಿಗೆಗೆ ಪಡೆದು ಎರಡು ರಾತ್ರಿಯಾದರೂ ಕರೆಂಟಿಲ್ಲದ ಕಡೆ ಉಳಿದು ನೋಡಿ ಎಂಬ ಷರತ್ತಿನೊಂದಿಗೆ. ನಮ್ಮ ಮುಂದಿನ ದಾರಿ ಮರಗಳಿಲ್ಲದ ವಿಶಾಲ ಬಯಲಾದ ನಲ್ಲಾರ್ಬರ್. ಬಲ್ಲಡೋನಿಯಾ ಮತ್ತು ಕೈಗೂನಾ ನಡುವೆ 146.6 ಕಿ.ಮೀ. ರಸ್ತೆ ಒಂದೇ ಒಂದು ತಿರುವೂ ಇಲ್ಲದೆ ಸಾಗುತ್ತದೆ. ಅದಕ್ಕೆ ಹೊರಡುವ ಮುನ್ನ ಹಿಂಬಾಗಿಲ ರಬ್ಬರ್ ಪಟ್ಟಿ ಬದಲಾಯಿಸಬೇಕು, ಟೈರು ನಾಲ್ಕನ್ನೂ ಹೊಸದಾಗಿ ಹಾಕಿಸಬೇಕು, ತುಂಬಿದ ಗಾಡಿಯನ್ನು ವೇಬ್ರಿಡ್ಜ್ ಮೇಲೆ ತೂಗಿಸಬೇಕು.